ಲೋಟಸ್ ಇಲೆವೆನ್‌ಗೆ ಒಪ್ಪುವ ಎಂಜಿನ್

ಕಾಲಿನ್ ಚಾಪ್ಮನ್ 1956ರಲ್ಲಿ ಹೊರತಂದ ಲೋಟಸ್ ಇಲೆವೆನ್ ರೇಸ್ ಕಾರಿನ ಬಾನೆಟ್ ನಿಂತವರ ಸೊಂಟದವರೆಗೂ ಬರುವುದಿಲ್ಲ. ಇಡೀ ಕಾರಿನ ತೂಕ ಐನೂರು ಕಿಲೋ ದಾಟದು. ಫ್ರ್ಯಾಂಕ್ ಕಾಸ್ಟಿನ್ ಗಾಳಿಯ ಓಟವನ್ನು ಲೆಕ್ಕ ಹಾಕಿ ರೂಪಿಸಿದ ಅಲ್ಯೂಮಿನಿಯಂ ಮೈ, ಅದರೊಳಗೆ ತೆಳು ಉಕ್ಕಿನ ಕೊಳವೆಗಳ ಚೌಕಟ್ಟು. ಇಂಥ ಕಾರಿನ ಎಂಜಿನ್ ಕೈಕೊಟ್ಟಾಗ ಅದರ ಜಾಗಕ್ಕೆ ಯಾವುದನ್ನು ತರಬೇಕೆಂದು ಹೇಳಬಲ್ಲವರು ಇಂಗ್ಲೆಂಡಿನಲ್ಲೂ ಕೆಲವರೇ. ಅವರ ಕಸುಬಿನ ಬಗ್ಗೆ ನನಗೆ ಬಹಳ ಗೌರವ.

ಒಳ್ಳೆಯ ಕಸುಬುದಾರ ಮೊದಲು ಕೇಳುವುದು ಹಾರ್ಸ್‌ಪವರ್ ಎಷ್ಟು ಬೇಕೆಂದಲ್ಲ, ಈ ಕಾರು ಹುಟ್ಟಿದಾಗ ಏನಾಗಿತ್ತು ಎಂದು. ಇಲೆವೆನ್‌ನಲ್ಲೇ ಮೂರು ಬಗೆಯಿದ್ದವು. 'ಸ್ಪೋರ್ಟ್' ಎಂಬ ಅಗ್ಗದ ಮಾದರಿಗೆ ಫೋರ್ಡ್ ಕಂಪನಿಯ 1172 ಸಿಸಿ ಸೈಡ್‌ವಾಲ್ವ್ ಎಂಜಿನ್. 'ಕ್ಲಬ್' ಮತ್ತು 'ಲ ಮಾನ್' ಮಾದರಿಗಳಿಗೆ ಕವೆಂಟ್ರಿ ಕ್ಲೈಮ್ಯಾಕ್ಸ್ ಕಂಪನಿಯ ಎಫ್‌ಡಬ್ಲ್ಯುಎ. ನಮ್ಮ ಮುಂದಿರುವುದು 'ಲ ಮಾನ್' ಎಂದಿಟ್ಟುಕೊಳ್ಳೋಣ.

ಆ ಕ್ಲೈಮ್ಯಾಕ್ಸ್ ಎಂಜಿನ್ನಿನ ಹುಟ್ಟೇ ಸೊಗಸು. ಯುದ್ಧಾನಂತರ ಬ್ರಿಟನ್ ಸರ್ಕಾರಕ್ಕೆ ಬೆಂಕಿ ಆರಿಸುವ ಹೊಸ ಪಂಪು ಬೇಕಾಗಿತ್ತು. ಹಳೆಯದರ ಅರ್ಧ ತೂಕ, ಎರಡರಷ್ಟು ನೀರು, ಇದು ಬೇಡಿಕೆ. ವಾಲ್ಟರ್ ಹ್ಯಾಸನ್ ಮತ್ತು ಹ್ಯಾರಿ ಮಂಡಿ ಅದಕ್ಕಾಗಿ 1020 ಸಿಸಿಯ, ಅಲ್ಯೂಮಿನಿಯಂನಲ್ಲಿ ಎರಕ ಹೊಯ್ದ ಹಗುರ ಎಂಜಿನ್ ಮಾಡಿದರು. ಜನ ಹೊತ್ತು ಓಡಬೇಕಾದ ಪಂಪಿಗೆ ಬೇಕಿದ್ದ ಗುಣವೇ ರೇಸಿಗೂ ಬೇಕಿತ್ತು. ಸಿಲಿಂಡರ್ ಬೋರನ್ನು 72.4 ಮಿ.ಮೀ.ಗೆ ಹಿಗ್ಗಿಸಿ 1098 ಸಿಸಿ ಮಾಡಿದರು, ಸ್ಟ್ರೋಕ್ 66.7 ಮಿ.ಮೀ. ತೂಕ ನೂರು ಕಿಲೋ ಆಸುಪಾಸು, ಶಕ್ತಿ ಸುಮಾರು 75 ಹಾರ್ಸ್‌ಪವರ್. ಅದೇ 1956ರ ಲ ಮಾನ್ 24 ಗಂಟೆಯ ಓಟದಲ್ಲಿ ಇದನ್ನು ಹೊತ್ತ ಇಲೆವೆನ್ 1100 ಸಿಸಿ ವರ್ಗವನ್ನು ಗೆದ್ದು, ಒಟ್ಟಾರೆ ಏಳನೆಯದಾಗಿ ಬಂತು.

ಹಳೆಯ ಬ್ಲಾಕ್ ಕೆಟ್ಟಿದ್ದರೆ ಬಿಸಾಡುವ ಮುನ್ನ ಅದನ್ನು ಓದಬೇಕು. ಕ್ರ್ಯಾಂಕ್‌ಶಾಫ್ಟಿನ ಕೂದಲೆಳೆ ಬಿರುಕು ಹುಡುಕಲು ಅದಕ್ಕೆ ಅಯಸ್ಕಾಂತ ಶಕ್ತಿ ಕೊಟ್ಟು ಕಬ್ಬಿಣದ ಪುಡಿ ಹಾಯಿಸುತ್ತಾರೆ. ಬಿರುಕಿದ್ದಲ್ಲಿ ಪುಡಿ ಗೆರೆಯಾಗಿ ನಿಲ್ಲುತ್ತದೆ. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಬಗ್ಗದು, ಅದಕ್ಕೆ ಬಣ್ಣದ ದ್ರಾವಣ ಹಚ್ಚಿ ಒರೆಸಿ ನೋಡುತ್ತಾರೆ. ನೀರು ಹರಿಯುವ ದಾರಿಗಳೊಳಗೆ ದಶಕಗಳಿಂದ ಲೋಹ ಕರಗಿರುತ್ತದೆ; ಹೊರಗಿನಿಂದ ಹೊಸದರಂತೆ ಹೊಳೆಯುವ ಬ್ಲಾಕ್ ಕೂಡ ಬಿಸಿನೀರಿನಲ್ಲಿ ಮುಳುಗಿಸಿ ಒಳಗೆ ಗಾಳಿಯ ಒತ್ತಡ ಕೊಟ್ಟಾಗ ಗುಳ್ಳೆ ಬಿಡುತ್ತದೆ. ಹೆಡ್ಡನ್ನು ಹಿಂದೆ ಎಷ್ಟು ಸಲ ತರಿದಿದ್ದಾರೆಂದು ಅಳೆಯುವುದು ಇನ್ನೂ ಮುಖ್ಯ. ಹೆಡ್ ತಗ್ಗಿದಷ್ಟೂ ಕ್ಯಾಮ್‌ಶಾಫ್ಟ್ ಕೆಳಗಿಳಿದು ಚೈನ್ ಸಡಿಲಾಗುತ್ತದೆ, ವಾಲ್ವ್ ತೆರೆಯುವ ಗಳಿಗೆಯೇ ಪಲ್ಲಟಗೊಳ್ಳುತ್ತದೆ. ಕಂಪ್ರೆಷನ್ ಏರಿತೆಂದು ಬೀಗುವವನ ಎಂಜಿನ್ ಸೊರಗುವುದು ಹೀಗೆ.

ದುರಸ್ತಿ ಸಾಧ್ಯವೇ ಇಲ್ಲವೆಂದಾದರೆ ಆಸೆ ಹುಟ್ಟಿಸುವುದು ಎಫ್‌ಡಬ್ಲ್ಯುಇ. ಲೋಟಸ್ ಎಲೀಟ್ ಕಾರಿಗೆಂದು ಮಾಡಿದ ಇದು ಅದೇ ಮನೆತನದ್ದು. ಸ್ಟ್ರೋಕ್ ಅದೇ 66.7, ಬೋರ್ ಮಾತ್ರ 76.2. ಅಲ್ಲಿಗೆ 1216 ಸಿಸಿ. ಶಕ್ತಿ ಹೆಚ್ಚು, ನೋಟ ಹೆಚ್ಚುಕಡಿಮೆ ಒಂದೇ. ಆದರೆ 1100 ಸಿಸಿ ವರ್ಗದಲ್ಲಿ ಗೆದ್ದು ಹೆಸರಾದ ಕಾರು ಇದನ್ನು ಹಾಕಿದೊಡನೆ ಆ ವರ್ಗದಿಂದ ಹೊರಬೀಳುತ್ತದೆ. ಅಂತರರಾಷ್ಟ್ರೀಯ ಮೋಟಾರು ಒಕ್ಕೂಟದ 'ಅಪೆಂಡಿಕ್ಸ್ ಕೆ' ನಿಯಮಗಳೂ ಹಳೆಯ ರೇಸ್ ಕಾರು ತನ್ನ ಕಾಲದಲ್ಲಿ ಓಡಿದ ರೂಪದಲ್ಲೇ ಇರಬೇಕೆಂದು ಕೇಳುತ್ತವೆ. ಫೋರ್ಡ್ ಆಂಗ್ಲಿಯಾದ 997 ಸಿಸಿ ಎಂಜಿನ್ ಅಗ್ಗ, ಗಟ್ಟಿ, ಬಿಡಿಭಾಗ ಸುಲಭ. ಆದರೆ ಅದು ಬಂದದ್ದು 1959ರಲ್ಲಿ. 1960ರ ಲೋಟಸ್ 18 ಫಾರ್ಮುಲಾ ಜೂನಿಯರ್ ಕಾರಿಗೆ ಅದೇ ಸರಿಯಾದ ಎಂಜಿನ್. 1956ರ ಇಲೆವೆನ್‌ಗೆ ಅದು ಪರಕೀಯ.

ಎಂಜಿನ್ ಬದಲಾದರೆ ಉಳಿದದ್ದೂ ಬದಲಾಗುತ್ತದೆ ಎಂಬುದನ್ನು ಮಾಲೀಕರು ಮರೆಯುತ್ತಾರೆ. ಮೂಗಿನ ಮೇಲೆ ಇಪ್ಪತ್ತು ಕಿಲೋ ಹೆಚ್ಚಾದರೂ ಮುಂದಿನ ಸ್ಪ್ರಿಂಗ್ ಬೇರೆ ಬೇಕು, ತಿರುವಿನಲ್ಲಿ ಸ್ಟಿಯರಿಂಗ್ ಮಂದವಾಗುತ್ತದೆ. ತಿರುಚುಬಲ ಹೆಚ್ಚಿದರೆ ಸಣ್ಣ ಗೇರ್‌ಬಾಕ್ಸ್ ತಡೆಯದು. ಕಾರ್ಬ್ಯುರೇಟರ್ ಒಂದಿಂಚು ಎತ್ತರವಾದರೆ ಬಾನೆಟ್ ಕೊರೆಯಬೇಕು. ಕಾಸ್ಟಿನ್ ರೂಪಿಸಿದ ಬಾನೆಟ್ಟಿಗೆ ರಂಧ್ರ ಕೊರೆಯುವುದನ್ನು ನಾನಂತೂ ಒಪ್ಪಲಾರೆ.

ಹಾಗಾಗಿ ನನ್ನ ತೀರ್ಮಾನ ಇದು. ದುರಸ್ತಿಯಾಗುವಂತಿದ್ದರೆ, ದುಬಾರಿಯಾದರೂ, ಹಳೆಯ 1098 ಬ್ಲಾಕೇ ಇರಲಿ. ಆಗದಿದ್ದರೆ ಅದೇ ಜಾತಿಯ ಇನ್ನೊಂದು, ಅದೂ ಸಿಗದಿದ್ದರೆ ಅದೇ ಅಳತೆಗೆ ಹೊಸದಾಗಿ ಎರಕ ಹೊಯ್ದದ್ದು. ಸ್ಪರ್ಧೆಗಿಳಿಯದೆ ರಸ್ತೆಯಲ್ಲಷ್ಟೇ ಓಡಿಸುವವರಿಗೆ ಎಫ್‌ಡಬ್ಲ್ಯುಇ ಪರವಾಗಿಲ್ಲ. ಯಾವುದನ್ನೇ ಹಾಕಿದರೂ ಅದನ್ನು ಕಾರಿನ ದಾಖಲೆಯಲ್ಲಿ ಬರೆದಿಡಬೇಕು. ಬೆಂಗಳೂರು, ಮೈಸೂರಿನಲ್ಲಿ ಹಳೆಯ ಕಾರುಗಳನ್ನು ಜೋಪಾನ ಮಾಡುತ್ತಿರುವವರಿಗೂ ನನ್ನದೊಂದು ವಿನಂತಿ: ಒಡೆದ ಮೂಲ ಬ್ಲಾಕನ್ನು ಗುಜರಿಗೆ ಹಾಕಬೇಡಿ. ಅದರ ಮೇಲೆ ಕೆತ್ತಿದ ಸಂಖ್ಯೆ ಆ ಕಾರಿನ ಚರಿತ್ರೆಯ ಭಾಗ. ಕಾರು ಕೈ ಬದಲಾದಾಗ ಅದನ್ನೂ ಜೊತೆಗೇ ಕೊಟ್ಟುಬಿಡಿ.