ಮೊಣಕಾಲಿನ ಅಸ್ಥಿಬಂಧದ ಪುನಾರಚನೆ: ಒಂದು ಚಾರಿತ್ರಿಕ ವಿವೇಚನೆ

ನಾಗಾವಿಯ ಸುತ್ತಣ ಗ್ರಾಮಗಳಲ್ಲಿ ಕಬಡ್ಡಿಯೂ ಕುಸ್ತಿಯೂ ತರುಣರ ಮೆಚ್ಚಿನ ಕ್ರೀಡೆಗಳು. ಓಡುತ್ತಿದ್ದ ಆಟಗಾರನು ಪಾದವನ್ನೂರಿ ಥಟ್ಟನೆ ಮೈ ತಿರುಗಿಸಿದಾಗ ಮೊಣಕಾಲಿನಲ್ಲಿ ‘ಟಕ್’ ಎಂದು ಸದ್ದಾಗಿ, ಕೆಲವೇ ಗಂಟೆಗಳಲ್ಲಿ ಕೀಲು ಊದಿಕೊಳ್ಳುವುದುಂಟು. ಇದನ್ನು ಬರಿಯ ಉಳುಕೆಂದು ಬಗೆದು, ಎಣ್ಣೆ ತಿಕ್ಕಿಸಿಕೊಂಡು ಮತ್ತೆ ಕಣಕ್ಕಿಳಿಯುವವರೂ ಇದ್ದಾರೆ. ಆದರೆ ಅನೇಕ ವೇಳೆ ಹರಿದಿರುವುದು ಮುಂಭಾಗದ ಅಡ್ಡಬಂಧ, ಎಂದರೆ ಎ.ಸಿ.ಎಲ್. ಕೆಳಗಾಲಿನ ಎಲುಬು ಮುಂದಕ್ಕೆ ಜಾರದಂತೆ ತಡೆಯುವುದು ಇದರ ಮುಖ್ಯ ಕಾರ್ಯ. ಇದನ್ನು ಕಳೆದುಕೊಂಡ ಕೀಲು ಪದೇ ಪದೇ ಜಾರಿದರೆ ಒಳಗಿನ ಮೃದ್ವಸ್ಥಿಯೂ ಹಾಳಾಗುತ್ತದೆ.

ಇಂಥ ಬಂಧಗಳ ಮಹತ್ವವನ್ನು ನಮ್ಮ ಪ್ರಾಚೀನರು ಅರಿಯದವರಲ್ಲ. ಸುಶ್ರುತ ಸಂಹಿತೆಯು ಶರೀರವನ್ನು ಕಟ್ಟುಗಳಿಂದ ಬಿಗಿದ ಹಲಗೆಯ ನಾವೆಗೆ ಹೋಲಿಸುತ್ತದೆ. ಶರೀರದ ಆ ಕಟ್ಟುಗಳಿಗೆ ಅಲ್ಲಿ ‘ಸ್ನಾಯು’ ಎಂದು ಹೆಸರು. ಆದರೆ ಮೊಣಕಾಲಿನೊಳಗಣ ಬಂಧವನ್ನು ಶಸ್ತ್ರಕ್ರಿಯೆಯಿಂದ ಸರಿಪಡಿಸುವ ಯತ್ನವು ಆಧುನಿಕ ಕಾಲದ್ದು.

1895ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಮೇಯೋ ರಾಬ್ಸನ್ ಎಂಬ ಶಸ್ತ್ರವೈದ್ಯನು ಗಣಿ ಕಾರ್ಮಿಕನೊಬ್ಬನ ಅಡ್ಡಬಂಧಗಳನ್ನು ಹೊಲಿದನು. ಆದರೆ ಕೀಲಿನ ದ್ರವದಲ್ಲಿ ರಕ್ತದ ಹೆಪ್ಪು ನಿಲ್ಲದಿರುವುದರಿಂದ ಹರಿದ ತುದಿಗಳು ಸುಲಭವಾಗಿ ಕೂಡವು. ಆದುದರಿಂದ ಹೊಲಿಗೆಗಿಂತ ಹೊಸ ಬಂಧವನ್ನೇ ರಚಿಸುವುದು ಲೇಸೆಂಬ ವಿಚಾರವು ಬಲಗೊಂಡಿತು. 1917ರಲ್ಲಿ ಬ್ರಿಸ್ಟಲ್ಲಿನ ಹೇ ಗ್ರೋವ್ಸ್, ತೊಡೆಯ ಹೊರಮಗ್ಗುಲಿನ ತಂತುಪಟ್ಟಿಯನ್ನು ಎಲುಬುಗಳಲ್ಲಿ ಕೊರೆದ ರಂಧ್ರಗಳ ಮೂಲಕ ಹಾಯಿಸಿದನು. 1963ರಲ್ಲಿ ಅಮೆರಿಕದ ಕೆನೆತ್ ಜೋನ್ಸ್ ಮೊಣಕಾಲ ಚಿಪ್ಪಿನ ಕೆಳಗಣ ಸ್ನಾಯುರಜ್ಜುವಿನ ನಡುಭಾಗವನ್ನು ಬಳಸಿದನು. ತೊಡೆಯ ಹಿಂಬದಿಯ ರಜ್ಜುಗಳನ್ನು ಮಡಿಸಿ ಹೂಡುವ ಕ್ರಮವೂ ಇಂದು ಬಹಳವಾಗಿ ಬಳಕೆಯಲ್ಲಿದೆ. 1980ರ ದಶಕದ ಕೃತಕ ನಾರುಗಳು ಸವೆದು ತುಂಡಾಗಿ ಕೀಲಿನಲ್ಲಿ ಉರಿಯೂತವನ್ನುಂಟುಮಾಡಿದುದರಿಂದ ಬಹುಮಟ್ಟಿಗೆ ಹಿಂದೆ ಸರಿದವು. ಅದೇ ದಶಕದಲ್ಲಿ ದುರ್ಬೀನಿನಿಂದ ಕೀಲಿನೊಳಗನ್ನು ನೋಡುತ್ತ, ಸಣ್ಣ ರಂಧ್ರಗಳ ಮೂಲಕ ಶಸ್ತ್ರಕ್ರಿಯೆ ನಡೆಸುವ ಪದ್ಧತಿ ಬೆಳೆಯಿತು.

ಈ ಚರಿತ್ರೆಯಿಂದ ನಾವು ಗ್ರಹಿಸಬೇಕಾದ ಅಂಶವೊಂದುಂಟು. ಕಸಿಮಾಡಿದ ರಜ್ಜುವಿನಲ್ಲಿ ಹೊಸ ರಕ್ತನಾಳಗಳು ಬೆಳೆದು ಅದು ಬಂಧದ ಸ್ವರೂಪವನ್ನು ತಾಳಲು ತಿಂಗಳುಗಳೇ ಬೇಕು. ಮೊದಲ ಕೆಲವು ವಾರಗಳಲ್ಲಿ ಅದು ಬಲಗೊಳ್ಳುವುದಿರಲಿ, ಇನ್ನಷ್ಟು ದುರ್ಬಲವಾಗುತ್ತದೆ. ಆದುದರಿಂದ ನೋವು ನಿಂತೊಡನೆ ಕಣಕ್ಕೆ ಮರಳುವುದು ಅಪಾಯಕರ. ಕ್ರಮವಾದ ವ್ಯಾಯಾಮದೊಡನೆ ಸುಮಾರು 9 ತಿಂಗಳಾದರೂ ಕಾಯುವುದು ಉಚಿತ. 2016ರ ರಿಯೋ ಒಲಿಂಪಿಕ್ಸಿನಲ್ಲಿ ಮೊಣಕಾಲಿಗೆ ಪೆಟ್ಟಾಗಿ ಕಣದಿಂದ ಹೊರಗೆ ಒಯ್ಯಲ್ಪಟ್ಟ ವಿನೇಶ್ ಫೋಗಟ್, ಶಸ್ತ್ರಕ್ರಿಯೆಯ ತರುವಾಯ 2018ರ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದರು. ಎಲ್ಲರಿಗೂ ಶಸ್ತ್ರಕ್ರಿಯೆ ಅಗತ್ಯವಿಲ್ಲ. ಆದರೆ ಸಕಾಲದ ಪರೀಕ್ಷೆ ಎಲ್ಲರಿಗೂ ಅಗತ್ಯ. ಊದಿದ ಮೊಣಕಾಲಿನ ವಿದ್ಯಾರ್ಥಿಯನ್ನು ಕಂಡಾಗ ‘ಉಳುಕು’ ಎಂಬ ಮಾತಿಗೆ ತೃಪ್ತರಾಗದೆ, ಅವನನ್ನು ಮೂಳೆವೈದ್ಯರಲ್ಲಿಗೆ ಕಳುಹಿಸುವುದು ಅಧ್ಯಾಪಕರಾದ ನಮ್ಮ ಕರ್ತವ್ಯವೂ ಆಗಿದೆ.