ವಾರಾಂತ್ಯದ ವನವಾಸಕ್ಕೆ ಬೆನ್ನುಚೀಲ ಮತ್ತು ವಿದ್ಯುತ್ಕೋಶಗಳ ಆಯ್ಕೆ

ಯಂತ್ರಗಳ ನಡುವೆ ದುಡಿಯುವ ಮನಸ್ಸು ವಾರಕ್ಕೊಮ್ಮೆಯಾದರೂ ನಿಸರ್ಗದ ಮಡಿಲನ್ನು ಅರಸುವುದು ಸಹಜವಾದುದು. ಬೆಂಗಳೂರಿನ ಹೊರವಲಯದಲ್ಲಿ ಪೀಣ್ಯದ ಕಾರ್ಖಾನೆಗಳು ಬೆಳೆದವು; 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯ ಮೂಲಕ ಎಲೆಕ್ಟ್ರಾನಿಕ್ ಸಿಟಿ ರೂಪುಗೊಂಡಿತು; 1882ರಲ್ಲಿ ಆಂಗ್ಲೋ ಇಂಡಿಯನ್ನರ ವಸಾಹತಾಗಿ ಆರಂಭವಾದ ವೈಟ್‌ಫೀಲ್ಡ್ ಇಂದು ಗಣಕ ಉದ್ಯಮದ ನೆಲೆಯಾಗಿದೆ. ಈ ಮೂರು ಕಡೆಗಳಲ್ಲಿ ಉದ್ಯೋಗದಲ್ಲಿರುವ ತರುಣರು ಶನಿವಾರ ಬಂತೆಂದರೆ ಶಿವಗಂಗೆ, ಸಾವನದುರ್ಗ, ಸ್ಕಂದಗಿರಿ, ರಾಮನಗರದ ಬಂಡೆಬೆಟ್ಟಗಳತ್ತ ಹೊರಡುವುದು ವಾಡಿಕೆಯಾಗಿದೆ. ಹಿರಿಯ ವಿದ್ಯಾರ್ಥಿಗಳು ತಮ್ಮೊಡನೆ ಶಾಲೆಯ ಮಕ್ಕಳನ್ನೂ ಕರೆದೊಯ್ಯುವ ಸಂದರ್ಭಗಳುಂಟು. ಆದುದರಿಂದ ಸಿದ್ಧತೆಯ ವಿಷಯದಲ್ಲಿ ಕೆಲವು ಮಾತುಗಳನ್ನು ಅರಿತಿರುವುದು ಅಗತ್ಯ.

ಮೊದಲನೆಯದಾಗಿ ಅನುಮತಿಯ ವಿಚಾರ. ಬೆಟ್ಟವೆಂದರೆ ಯಾರು ಬೇಕಾದರೂ ಬಿಡಾರ ಹೂಡಬಹುದಾದ ಬಯಲೆಂದು ತಿಳಿಯಬಾರದು. ನಗರದ ಸುತ್ತಲಿನ ಬೆಟ್ಟಗಳಲ್ಲಿ ಹಲವು 1963ರ ಕರ್ನಾಟಕ ಅರಣ್ಯ ಕಾಯಿದೆಯ ವ್ಯಾಪ್ತಿಗೆ ಸೇರಿದವು. ಅಭಯಾರಣ್ಯಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅನ್ವಯಿಸುತ್ತದೆ. ರಾಮನಗರದ ರಾಮದೇವರ ಬೆಟ್ಟವು 2012ರಿಂದ ರಣಹದ್ದುಗಳ ರಕ್ಷಿತ ನೆಲೆ. ಸಾವನದುರ್ಗ, ಬನ್ನೇರುಘಟ್ಟಗಳ ಆಸುಪಾಸಿನಲ್ಲಿ ಆನೆಗಳ ಸಂಚಾರವುಂಟು. ಅನುಮತಿಯಿಲ್ಲದೆ ಅರಣ್ಯದಲ್ಲಿ ರಾತ್ರಿ ಕಳೆಯುವುದು ಅಪರಾಧವಷ್ಟೇ ಅಲ್ಲ, ಅಪಾಯವೂ ಹೌದು. ಅರಣ್ಯ ಇಲಾಖೆ ಒಪ್ಪಿದ ಶಿಬಿರಸ್ಥಾನ ಅಥವಾ ಮಾಲೀಕರ ಸಮ್ಮತಿ ಪಡೆದ ತೋಟ, ಇವೆರಡೇ ಯೋಗ್ಯವಾದ ದಾರಿ. ಸ್ಥಳ ನಿಶ್ಚಯವಾದ ಮೇಲೆ ಸಾಮಾನಿನ ಯೋಚನೆ.

ಬೆನ್ನುಚೀಲವನ್ನು ಕೊಳ್ಳುವಾಗ ಅನೇಕರು ಬಣ್ಣವನ್ನೂ ಜೇಬುಗಳ ಸಂಖ್ಯೆಯನ್ನೂ ನೋಡುತ್ತಾರೆ. ನೋಡಬೇಕಾದುದು ಬೆನ್ನಿನ ಉದ್ದವನ್ನು. ತಲೆ ಬಾಗಿಸಿದಾಗ ಕತ್ತಿನ ಬುಡದಲ್ಲಿ ಕೈಗೆ ಸಿಗುವ ಮೂಳೆಯಿಂದ ಸೊಂಟದ ಮೂಳೆಯ ಮೇಲಂಚಿನ ಮಟ್ಟದವರೆಗೆ ಅಳತೆಪಟ್ಟಿಯಿಂದ ಅಳೆದು, ಆ ಅಳತೆಗೆ ಒಪ್ಪುವ ಚೀಲವನ್ನು ಆರಿಸಬೇಕು. ಆಳೆತ್ತರ ಒಂದೇ ಇದ್ದರೂ ಬೆನ್ನಿನ ಉದ್ದ ಬೇರೆ ಬೇರೆಯಾಗಿರಬಹುದು. ಭಾರದ ಬಹುಪಾಲನ್ನು ಸೊಂಟವೇ ಹೊರಬೇಕು. ಭುಜದ ಪಟ್ಟಿಗಳು ಚೀಲವನ್ನು ಬೆನ್ನಿಗೆ ಒತ್ತಿ ಹಿಡಿಯುವುದಕ್ಕೆ ಮಾತ್ರ. ದಪ್ಪನೆಯ ಸೊಂಟಪಟ್ಟಿಯಿಲ್ಲದ ಚೀಲ ಎಷ್ಟೇ ಅಗ್ಗವಾಗಿದ್ದರೂ ಬೆಟ್ಟ ಹತ್ತುವುದಕ್ಕೆ ತಕ್ಕುದಲ್ಲ. ಅಂಗಡಿಯಲ್ಲಿಯೇ ಏಳೆಂಟು ಕಿಲೋ ಭಾರ ತುಂಬಿ, ಹತ್ತು ನಿಮಿಷ ನಡೆದು, ಮೆಟ್ಟಿಲು ಹತ್ತಿ ಇಳಿದು ನೋಡುವುದು ಉತ್ತಮ.

ಒಂದು ರಾತ್ರಿಯ ವಾಸ್ತವ್ಯಕ್ಕೆ 35ರಿಂದ 45 ಲೀಟರು ಗಾತ್ರದ ಚೀಲ ಸಾಕು. ಚೀಲ ದೊಡ್ಡದಾದಷ್ಟೂ ಬೇಡದ ವಸ್ತುಗಳು ಅದನ್ನು ಸೇರುತ್ತವೆ. ವಯಸ್ಕರ ಹೊರೆ ದೇಹತೂಕದ ಐದನೆಯ ಒಂದು ಪಾಲನ್ನು ಮೀರಬಾರದೆಂಬುದು ಚಾರಣಿಗರು ಪಾಲಿಸುವ ನಿಯಮ; 60 ಕಿಲೋ ತೂಕದವರಿಗೆ 12 ಕಿಲೋ ಮಿತಿ. ಮಕ್ಕಳ ವಿಷಯದಲ್ಲಿ ಈ ಲೆಕ್ಕ ಸಲ್ಲದು. ಶಾಲಾ ಚೀಲದ ತೂಕ ಮಗುವಿನ ದೇಹತೂಕದ ಶೇಕಡಾ 10ನ್ನು ಮೀರಬಾರದೆಂದು 2020ರ ರಾಷ್ಟ್ರೀಯ ಶಾಲಾ ಚೀಲ ನೀತಿ ಹೇಳುತ್ತದೆ. ಬೆಟ್ಟದ ದಾರಿಯಲ್ಲಿಯೂ ಅಧ್ಯಾಪಕರು ಅದನ್ನೇ ಅನುಸರಿಸುವುದು ಕ್ಷೇಮ. 40 ಕಿಲೋ ತೂಗುವ ಬಾಲಕನಿಗೆ ನೀರು, ಬಟ್ಟೆ, ಹೊದಿಕೆ ಸೇರಿ 4 ಕಿಲೋ ಸಾಕು. ಡೇರೆ ಮತ್ತು ಪಾತ್ರೆಗಳನ್ನು ದೊಡ್ಡವರು ಹಂಚಿಕೊಳ್ಳಲಿ.

ತುಂಬುವುದಕ್ಕೂ ಒಂದು ಕ್ರಮವಿದೆ. ಹಗುರವಾದ ಹೊದಿಕೆ ತಳದಲ್ಲಿ. ನೀರು, ಆಹಾರಗಳಂತಹ ಭಾರದ ವಸ್ತುಗಳು ನಡುಭಾಗದಲ್ಲಿ, ಬೆನ್ನಿಗೆ ಹತ್ತಿರವಾಗಿ. ಮಳೆಯಂಗಿ ಮತ್ತು ಟಾರ್ಚ್ ಎಲ್ಲಕ್ಕಿಂತ ಮೇಲೆ. ಮೇಲುಹೊದಿಕೆಯನ್ನು ನಂಬಿ ಕೂರದೆ, ಚೀಲದ ಒಳಗೂ ಒಂದು ದಪ್ಪ ಪ್ಲಾಸ್ಟಿಕ್ ಚೀಲವನ್ನು ಹರಡಿ ಅದರಲ್ಲಿ ಒಣಬಟ್ಟೆಗಳನ್ನು ಇಡಬೇಕು. 2024ರ ಜೂನ್ ಆರಂಭದಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ತೆರಳಿದ್ದ ಕರ್ನಾಟಕದ ತಂಡದ 9 ಮಂದಿ ಹವಾಮಾನದ ವೈಪರೀತ್ಯಕ್ಕೆ ಸಿಲುಕಿ ಪ್ರಾಣ ಕಳೆದುಕೊಂಡುದನ್ನು ನಾಡು ಮರೆತಿಲ್ಲ. ನಮ್ಮ ಬೆಟ್ಟಗಳು ಹಿಮಾಲಯವಲ್ಲವಾದರೂ, ಒದ್ದೆ ಬಟ್ಟೆ ಮತ್ತು ಗಾಳಿ ಕೂಡಿದಾಗ ದೇಹದ ಶಾಖ ಬೇಗನೆ ಕುಂದುತ್ತದೆಂಬ ನಿಯಮ ಎಲ್ಲೆಡೆಗೂ ಒಂದೇ.

ಇನ್ನು ವಿದ್ಯುತ್ತಿನ ವಿಚಾರ. ಇಂದು ದಾರಿಯ ನಕ್ಷೆಯೂ ತುರ್ತುಸಂಖ್ಯೆ 112ರ ಕರೆಯೂ ಮೊಬೈಲ್ ಫೋನನ್ನೇ ಅವಲಂಬಿಸಿವೆ. ಆದ್ದರಿಂದ ಪವರ್ ಬ್ಯಾಂಕ್ ಅಲಂಕಾರದ ವಸ್ತುವಲ್ಲ. ಅದರ ಮೇಲೆ ಮುದ್ರಿತವಾದ 10,000 ಮಿಲಿಆಂಪಿಯರ್-ಗಂಟೆ ಎಂಬ ಅಂಕಿ ಒಳಗಿನ ಕೋಶದ 3.7 ವೋಲ್ಟಿಗೆ ಸಂಬಂಧಿಸಿದುದು. ಇವೆರಡರ ಗುಣಲಬ್ಧ 37 ವ್ಯಾಟ್-ಗಂಟೆ. ವೋಲ್ಟೇಜ್ ಏರಿಸುವಾಗ ಒಂದಷ್ಟು ಶಕ್ತಿ ಶಾಖವಾಗಿ ನಷ್ಟವಾಗಿ, ಫೋನಿಗೆ ಸುಮಾರು 25 ವ್ಯಾಟ್-ಗಂಟೆ ದಕ್ಕುತ್ತದೆ. 5,000 ಮಿಲಿಆಂಪಿಯರ್-ಗಂಟೆಯ ಫೋನಿಗೆ ಸುಮಾರು 19 ವ್ಯಾಟ್-ಗಂಟೆ ಬೇಕು. ಅಂದರೆ, ಎರಡು ಸಲ ತುಂಬೀತೆಂದು ನಂಬಿದವರಿಗೆ ಒಂದೂಕಾಲು ಸಲದಷ್ಟೇ ದೊರೆಯುತ್ತದೆ. ಒಂದು ರಾತ್ರಿಗೆ ಒಬ್ಬರಿಗೆ ಇಷ್ಟು ಸಾಕು. ಮಕ್ಕಳ ಹೊಣೆ ಹೊತ್ತ ಮುಂದಾಳು ಮಾತ್ರ ಇದರ ಇಮ್ಮಡಿ ಸಾಮರ್ಥ್ಯದ್ದನ್ನು ಒಯ್ಯುವುದು ಲೇಸು.

ಇದಕ್ಕಿಂತ ದೊಡ್ಡದು ಬೇಕಿಲ್ಲವೆಂಬುದಕ್ಕೆ ತೂಕವೇ ಕಾರಣ. ಕಚೇರಿಗಳ ಯುಪಿಎಸ್‌ಗಳಲ್ಲಿ ಕಾಣುವ 12 ವೋಲ್ಟ್, 7 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ 84 ವ್ಯಾಟ್-ಗಂಟೆ ಇದ್ದರೂ ಅದು 2 ಕಿಲೋಗೂ ಹೆಚ್ಚು ತೂಗುತ್ತದೆ. 74 ವ್ಯಾಟ್-ಗಂಟೆಯ ಲಿಥಿಯಂ ಪವರ್ ಬ್ಯಾಂಕ್ ಅರ್ಧ ಕಿಲೋಗೂ ಕಡಿಮೆ. ಮಡಿಸುವ ಸೌರಫಲಕ ಮೋಡದ ದಿನಗಳಲ್ಲಿಯೂ ಮರದ ನೆರಳಿನಲ್ಲಿಯೂ ಹೆಚ್ಚೇನೂ ನೀಡದು. ಒಂದು ರಾತ್ರಿಗೆ ಅದು ಕೇವಲ ಹೊರೆ. ವಿಮಾನದಲ್ಲಿ ಹೋಗುವವರು 100 ವ್ಯಾಟ್-ಗಂಟೆಯ ಮಿತಿಯನ್ನು ನೆನಪಿಟ್ಟು, ಪವರ್ ಬ್ಯಾಂಕನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು.

ಕೊಳ್ಳುವಾಗ ಭಾರತೀಯ ಮಾನಕ ಸಂಸ್ಥೆಯ ನೋಂದಣಿ ಸಂಖ್ಯೆಯನ್ನು ಪರೀಕ್ಷಿಸಬೇಕು. ಉಬ್ಬಿದ ಅಥವಾ ಜಜ್ಜಿದ ಬ್ಯಾಟರಿಯನ್ನು ಬಳಸಲಾಗದು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಅದನ್ನು ಬಿಡುವುದೂ, ಡೇರೆಯೊಳಗೆ ಮಲಗಿದಾಗ ತಲೆದಿಂಬಿನಡಿ ಚಾರ್ಜ್ ಮಾಡುವುದೂ ಬೆಂಕಿಗೆ ಆಹ್ವಾನವಿತ್ತಂತೆ. ಕೆಟ್ಟುಹೋದುದನ್ನು ಕಾಡಿನಲ್ಲಾಗಲಿ ಮನೆಯ ಕಸದಲ್ಲಾಗಲಿ ಎಸೆಯದೆ ವಿದ್ಯುನ್ಮಾನ ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಒಪ್ಪಿಸಬೇಕು.

ಎಷ್ಟೇ ಶಕ್ತಿಯಿದ್ದರೂ ಸಂಪರ್ಕಗೋಪುರವಿಲ್ಲದೆಡೆ ಫೋನು ಮೂಕ. ಹೊರಡುವ ಮುನ್ನ ದಾರಿಯನ್ನೂ ಮರಳುವ ವೇಳೆಯನ್ನೂ ಮನೆಯವರಿಗೆ ಬರೆದುಕೊಡುವುದು, ನಕ್ಷೆಯ ಪ್ರತಿಯೊಂದನ್ನು ಕಾಗದದಲ್ಲಿ ಒಯ್ಯುವುದು, ಬೇರೆ ಟಾರ್ಚೊಂದನ್ನು ಇರಿಸಿಕೊಳ್ಳುವುದು, ಇವು ಖರ್ಚಿಲ್ಲದ ರಕ್ಷಣೆಗಳು. ದಾನಿಗಳು ಶಾಲೆಗೆ ಇಂತಹ ಹತ್ತಾರು ಚೀಲಗಳನ್ನೂ ಕೆಲವು ಟಾರ್ಚ್‌ಗಳನ್ನೂ ಒದಗಿಸಿದಲ್ಲಿ, ಕೊಳ್ಳಲು ಶಕ್ತಿಯಿಲ್ಲದ ಮನೆಯ ಮಕ್ಕಳೂ ಕ್ಷೇಮವಾಗಿ ಬೆಟ್ಟವೇರಿ, ನಾಡಿನ ನೆಲ ಜಲಗಳನ್ನು ಕಣ್ಣಾರೆ ಕಂಡು ಬರುವಂತಾಗುತ್ತದೆ.