ಅಡುಗೆಮನೆಗೆ ಮೊಲ, ಬಣ್ಣದ ಡಬ್ಬಿಗೆ ಮುಂಗುಸಿ

ರೋಣ, ನರಗುಂದದ ಎರೆಹೊಲಗಳ ಬದುಗಳಲ್ಲಿ, ಗಜೇಂದ್ರಗಡದ ಗುಡ್ಡದ ಕಂಟಿಗಳ ಮರೆಯಲ್ಲಿ ಎರಡು ಸಣ್ಣ ಪ್ರಾಣಿಗಳನ್ನು ನೀವು ಕಂಡಿರಬಹುದು. ಒಂದು ಕಾಡುಮೊಲ, ಇನ್ನೊಂದು ಮುಂಗುಸಿ. ಎರಡೂ ಮರಿಗೆ ಹಾಲೂಡಿಸುವ ಸಸ್ತನಿಗಳು. ಆದರೆ ಬದುಕುವ ರೀತಿ ಮಾತ್ರ ತೀರಾ ಬೇರೆ.

ಕಾಡುಮೊಲ ಬಿಲ ತೋಡುವುದಿಲ್ಲ. ಹಗಲೆಲ್ಲ ಪೊದೆಯ ಬುಡದ ತಗ್ಗಿನಲ್ಲಿ ಮುದುಡಿ ಕುಳಿತು, ಕತ್ತಲಾದ ಮೇಲೆ ಮೇಯಲು ಹೊರಡುತ್ತದೆ. ಅದರ ಮರಿಗಳು ಹುಟ್ಟುವಾಗಲೇ ಕಣ್ಣು ತೆರೆದಿರುತ್ತವೆ, ಮೈಮೇಲೆ ಕೂದಲೂ ಇರುತ್ತದೆ. ಮುಂಗುಸಿ ಹಾಗಲ್ಲ. ಅದು ರಾತ್ರಿ ಬಿಲದಲ್ಲಿ ಮಲಗಿ ಹಗಲು ಬೇಟೆಯಾಡುತ್ತದೆ. ಕೋಳಿಮರಿ ಕದಿಯುತ್ತದೆಂದು ನಾವು ಅದನ್ನು ಶಪಿಸುತ್ತೇವೆ. ಆದರೆ ಜೋಳ, ಕಡಲೆ ತಿನ್ನುವ ಇಲಿಗಳನ್ನು ಹಿಡಿಯುವುದೂ ಅದೇ ತಾನೇ?

ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಇವೆರಡೂ 'ಕನಿಷ್ಠ ಕಾಳಜಿ'ಯ ವರ್ಗದಲ್ಲಿವೆ. ಅಂದರೆ ಇಡೀ ಸಂತತಿ ಅಳಿದುಹೋಗುವ ಭಯ ಸದ್ಯಕ್ಕಿಲ್ಲ. ಹಾಗೆಂದು ಕೊಲ್ಲಲು ಪರವಾನಗಿ ಸಿಕ್ಕಿತೆಂದು ತಿಳಿಯಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಎರಡರ ಬೇಟೆಯೂ ಅಪರಾಧ. ಪಟ್ಟಿ ನೋಡುವುದು ಇಡೀ ಸಂತತಿಯನ್ನು. ನಮ್ಮೂರ ಹೊಲದಲ್ಲಿ ಎಷ್ಟು ಉಳಿದಿವೆ ಎಂಬುದನ್ನಲ್ಲ.

ಮೊಲಕ್ಕೆ ಎದುರಾಗುವ ಅಪಾಯ ಉರುಲು ಮತ್ತು ಬೇಟೆನಾಯಿ. "ಮೊಲ ಹಲಾಲ್ ಅಲ್ಲವೇ?" ಎಂದು ಕೆಲವು ಸಹೋದರಿಯರು ಕೇಳುತ್ತಾರೆ. ಹೌದು, ನಾಲ್ಕು ಮದ್‌ಹಬ್‌ಗಳಲ್ಲೂ ಹಲಾಲ್. ಆದರೆ ಹಲಾಲ್ ಆದುದನ್ನೆಲ್ಲ ತಿನ್ನಲೇಬೇಕೆಂಬ ಆಜ್ಞೆಯೇನೂ ಇಲ್ಲ. ಕದ್ದು ಬೇಟೆಯಾಡಿದ ಮಾಂಸ ಕೊಂಡರೆ ಕೊಂಡವರೂ ಕಾನೂನಿನ ಕೈಗೆ ಸಿಗುತ್ತಾರೆ.

ಮುಂಗುಸಿಯ ಅಪಾಯ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಅದರ ಕೂದಲಿನಿಂದ ಚಿತ್ರ ಬಿಡಿಸುವ ಕುಂಚ ಮಾಡುತ್ತಾರೆ. 2019ರಲ್ಲಿ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋ ಹಲವು ರಾಜ್ಯಗಳಲ್ಲಿ ದಾಳಿ ನಡೆಸಿ 50 ಸಾವಿರಕ್ಕೂ ಹೆಚ್ಚು ಕುಂಚಗಳನ್ನೂ 100 ಕಿಲೋಗೂ ಮಿಕ್ಕಿದ ಕೂದಲನ್ನೂ ವಶಪಡಿಸಿಕೊಂಡಿತು. ಒಂದು ಮುಂಗುಸಿಯಿಂದ ಸಿಗುವುದು ಸುಮಾರು 40 ಗ್ರಾಂ ಕೂದಲು. ನೀವೇ ಲೆಕ್ಕ ಹಾಕಿ: 100 ಕಿಲೋ ಕೂದಲಿಗೆ 2,500 ಜೀವಗಳು!

ಇವೆರಡನ್ನೂ ಉಳಿಸಲು ಕಾಡಿಗೆ ಹೋಗಬೇಕಾಗಿಲ್ಲ. ಯಾರಾದರೂ ಬಾಗಿಲಿಗೆ ಮೊಲ ತಂದರೆ ಬೇಡವೆನ್ನಿ. ಮಗುವಿಗೆ ಕುಂಚ ಕೊಳ್ಳುವಾಗ ಅಂಗಡಿಯವನಲ್ಲಿ ನೈಲಾನಿನದ್ದನ್ನೇ ಕೇಳಿ. ಬದುವಿನ ಕಂಟಿಗೆಲ್ಲ ಬೆಂಕಿ ಹಚ್ಚದಂತೆ ಮನೆಯ ಗಂಡಸರಿಗೆ ತಿಳಿಹೇಳಿ. ಮಾತು ಬಾರದ ಈ ಜೀವಿಗಳ ಪರವಾಗಿ ನೀವು ಆಡುವ ಒಂದು ಮಾತು ದೊಡ್ಡ ಉಪಕಾರವಾದೀತು.